ಚುಕ್ಕಿ ನೋಡಬೇಡಿ ಅಂದರೆ

ಒಂದು ಕಡೆ ಕೂರದ ಮನುಷ್ಯನಿಗೆ ವಿಚಿತ್ರ ಕೆಲಸಗಳೇ ಹುಡುಕಿಕೊಂಡು ಬಂದು ಗಂಟು ಬೀಳ್ತವೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಲಾರಿ ಕ್ಲೀನರ್, ಟೆಂಟ್ ಸಿನಿಮಾ ಗೇಟು, ಕೊಬ್ಬರಿ ಮಂಡಿ ಅಂತ ಸುತ್ತಿದ ನಾನು, ಎರಡು ಸಾವಿರದ ಇಸವಿ ದಾಟಿದ ಮೇಲೆ ತುಮಕೂರಿನ ಸದಾಶಿವನಗರದಲ್ಲಿ ಒಂದು ಸ್ಕ್ಯಾನಿಂಗ್ ಸೆಂಟರಿನ ವ್ಯಾನು ಓಡಿಸ್ತಿದ್ದೆ. ಬೆಂಗಳೂರಿಂದ ಬಂದ ಒಬ್ಬ ಡಾಕ್ಟರಮ್ಮ ಅಲ್ಲಿ ಸಂಶೋಧನೆ ಮಾಡ್ತಿದ್ದರು. ಕಾಯಿಲೆ ಇಲ್ಲದವರನ್ನು ಮಿಷಿನ್ನಿನ ಕೊಳವೆಯೊಳಗೆ ಮಲಗಿಸೋದು. ಕಣ್ಣೆದುರಿನ ಪರದೆ ಮೇಲೆ ಎಡಕ್ಕೋ ಬಲಕ್ಕೋ ಒಂದು ಚುಕ್ಕಿ ಬರ್ತದೆ. ಅದನ್ನು ನೋಡಬಾರದು, ಅದರ ಎದುರು ದಿಕ್ಕಿಗೆ ಕಣ್ಣು ಹೊರಳಿಸಬೇಕು. ಹಾಗೆ ಕಣ್ಣನ್ನು ತಡೆಯುವಾಗ ಮಿದುಳಿನ ಯಾವ ಭಾಗ ಕೆಲಸ ಮಾಡ್ತದೆ ಅಂತ ಮಿಷಿನ್ನು ಚಿತ್ರ ತೆಗೀತದೆ. ಜನ ಹುಡುಕಿ ತರೋದು ನನ್ನ ಕೆಲಸ. ಊರೂರು ತಿರುಗೋ ಕೆಲಸ, ಬಿಡೋಕೆ ಮನಸ್ಸಿಲ್ಲ. ಆದರೆ ಡಾಕ್ಟರಮ್ಮ ಆಗಲೇ ಹೇಳಿಬಿಟ್ಟಿದ್ದರು: "ಈ ತಿಂಗಳೊಳಗೆ ನಾಲ್ಕು ಜನಕ್ಕೆ ತೋರಿಸೋ ಅಂಥ ಚಿತ್ರ ಸಿಗದಿದ್ರೆ ಇಲ್ಲಿ ಮುಚ್ಚಿ ಹೊರಡೋದೇ ಕಣಪ್ಪ."

ಗುಬ್ಬಿಯ ಯಜಮಾನರು

ಗುಬ್ಬಿಯಿಂದ ವಿಭೂತಿ ಹಚ್ಚಿದ ಒಬ್ಬ ಯಜಮಾನರನ್ನು ಕರೆತಂದೆ. ಲೋಹ ಒಳಗೆ ಬಿಡಲ್ಲ ಅಂದಿದ್ದಕ್ಕೆ ಬೆಳ್ಳಿ ಕರಡಿಗೆ ತೆಗೆದಿಟ್ಟು, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು ಮಲಗಿದರು. ಚುಕ್ಕಿ ಬಂತು, ಹೋಯಿತು, ಮತ್ತೆ ಬಂತು. ಅವರ ಕಣ್ಣು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಕಣ್ಣು ಹಿಡಿಯೋ ಕ್ಯಾಮೆರಾನೇ ಕೆಟ್ಟಿತು ಅಂದುಕೊಂಡ ಡಾಕ್ಟರಮ್ಮ ಮೈಕಿನಲ್ಲಿ ಕೇಳಿದರು: "ಯಜಮಾನ್ರೇ, ನಿದ್ದೆ ಬಂತಾ?"

"ಇಲ್ಲ ತಾಯಿ. ಬೆಳಗ್ಗೆ ಪೂಜೇಲಿ ಅಂಗೈ ಲಿಂಗದ ಮೇಲೆ ಕಣ್ಣಿಟ್ರೆ, ಬಾಗಿಲಿಗೆ ಬೀಗರು ಬಂದ್ರೂ ತೆಗೆಯೋನಲ್ಲ ನಾನು. ಈ ಚುಕ್ಕಿಗೆ ತೆಗೀತೀನಾ?"

ಕುಣಿಗಲ್ಲಿನ ಕುದುರೆಯವನು

ಆಮೇಲೆ ಕುಣಿಗಲ್ಲಿನಿಂದ ಕುದುರೆ ನೋಡಿಕೊಳ್ಳೋನೊಬ್ಬ ಬಂದ. ತಲೆ ಅಲುಗಿಸಬಾರದು ಅಂತ ಎಷ್ಟು ಹೇಳಿದರೂ, ಚುಕ್ಕಿ ಬಂದ ಕಡೆಗೆಲ್ಲ ಕತ್ತನ್ನೇ ತಿರುಗಿಸಿದ. ಚಿತ್ರವೆಲ್ಲ ಕಲಸಿಹೋಯ್ತು. ಡಾಕ್ಟರಮ್ಮ ತಲೆ ಮೇಲೆ ಕೈ ಹೊತ್ತು ಕೂತರು. ಅವನಿಗೆ ಪಾಪ ಅನ್ನಿಸ್ತೇನೋ.

"ಮೇಡಮ್ಮಾರೆ, ನಮ್ ಕುದ್ರೆಗಳೂ ಹಿಂಗೇ ಅತ್ತಿತ್ತ ನೋಡ್ತವೆ. ಕಣ್ ಪಕ್ಕ ತೊಗಲು ಪಟ್ಟಿ ಕಟ್ತೀವಿ, ಆಯ್ತು. ಅಷ್ಟಕ್ಕೆ ಇಷ್ಟು ದೊಡ್ ಮಿಷಿನ್ ಯಾಕೆ ತಂದ್ರಿ?"

ನಿಟ್ಟೂರಿನ ಅತ್ತೆ ಸೊಸೆ

ತಿಂಗಳು ಮುಗೀತಾ ಬಂತು. ಡಾಕ್ಟರಮ್ಮ ಪುಸ್ತಕಗಳನ್ನು ಡಬ್ಬಕ್ಕೆ ತುಂಬೋಕೆ ಶುರು ಮಾಡಿದ್ದರು. ಕೊನೇ ಪ್ರಯತ್ನ ಅಂತ ನಿಟ್ಟೂರಿನಿಂದ ಒಬ್ಬ ಸೊಸೆಯನ್ನು ಕರೆತಂದೆ. ಒಬ್ಬಳನ್ನೇ ಕಳಿಸ್ತಾರಾ? ಅತ್ತೆಯೂ ವ್ಯಾನು ಹತ್ತಿದರು. ತಾಳಿ ತೆಗೆಸಿ, ಅದರ ಬದಲು ಅರಿಶಿನದ ಕೊಂಬು ಕಟ್ಟಿ, ಅತ್ತೆಯೇ ಸೊಸೆಯನ್ನು ಒಳಗೆ ಕಳಿಸಿದರು.

ಸೊಸೆ ಒಂದು ಸಲವೂ ತಪ್ಪಲಿಲ್ಲ. ಚುಕ್ಕಿ ಎಡಕ್ಕೆ ಬಂದರೆ ಕಣ್ಣು ಬಲಕ್ಕೆ, ಬಲಕ್ಕೆ ಬಂದರೆ ಎಡಕ್ಕೆ. ಡಾಕ್ಟರಮ್ಮ ಬೆರಗಾಗಿ ಕೇಳಿದರು: "ಇದನ್ನ ಎಲ್ಲಿ ಕಲಿತ್ಯಮ್ಮ?"

"ಅತ್ತೆ ಇಲ್ಲೇ ಇದ್ದಾರೆ. ಆಮೇಲೆ ಹೇಳ್ತೀನಿ ಮೇಡಂ."

ಇದನ್ನು ಕೇಳಿದ ಅತ್ತೆ, "ನನ್ನೂ ಮಲಗಿಸಿ, ಇದೇನು ಮಹಾ" ಅಂತ ಹಟ ಹಿಡಿದರು. ಮಲಗಿಸಿದ್ದಾಯ್ತು. ತಲೆ ಕಲ್ಲಿನಂತೆ ಅಲುಗಲಿಲ್ಲ. ಕಣ್ಣು ಮಾತ್ರ ಒಂದು ಚುಕ್ಕಿಯನ್ನೂ ಬಿಡಲಿಲ್ಲ.

"ಅಮ್ಮಾ, ನೋಡಬೇಡಿ ಅಂದ್ನಲ್ಲ" ಅಂದರು ಡಾಕ್ಟರಮ್ಮ.

"ನಮ್ ಜಗಲಿ ಇರೋದೇ ಸ್ಟೇಷನ್ ದಾರೀಲಿ ಕಣವ್ವ. ಅಕ್ಕಿ ಆರಿಸ್ತಾ ಕೂತಾಗ ಯಾರ್ ಬಂದ್ರು ಅಂತ ನೋಡ್ದೆ ಇರೋಕಾಯ್ತದಾ? ಕತ್ತೆತ್ತಿ ನೋಡಿದ್ರೆ ಜನ ಏನಂತಾರೆ?"

ಡಾಕ್ಟರಮ್ಮನಿಗೆ ಬೇಕಾಗಿದ್ದೇ ಅದು. ಕಣ್ಣು ತಡೆಯೋ ಮಿದುಳು ಒಂದು, ತಡೆಯದ ಮಿದುಳು ಒಂದು, ಎರಡೂ ಅಲುಗದ ಚಿತ್ರ, ಪಕ್ಕಪಕ್ಕ ಇಟ್ಟು ತೋರಿಸಬಹುದು. ಡಬ್ಬದಿಂದ ಪುಸ್ತಕಗಳು ಮತ್ತೆ ಮೇಜಿಗೆ ಬಂದವು. ನನ್ನ ವ್ಯಾನೂ ಉಳಿಯಿತು.

ಅವರನ್ನು ಊರಿಗೆ ಬಿಡೋಕೆ ಹೊರಟೆ. ಗುಬ್ಬಿ ದಾಟಿದ ಮೇಲೆ ಹಿಂದಿನ ಸೀಟಿನಿಂದ ಅತ್ತೆ ಕೇಳಿದರು: "ಅಲ್ಲಪ್ಪಾ, ನಮ್ಮಿಬ್ಬರಲ್ಲಿ ಪಾಸಾದೋರು ಯಾರು?"

ಕನ್ನಡಿಯಲ್ಲಿ ನೋಡಿದೆ. ಅತ್ತೆ ಎಡಗಡೆ ಕೂತಿದ್ದರು. ಸೊಸೆಯ ಕಣ್ಣು ಥಟ್ಟನೆ ಬಲಗಡೆ ಕಿಟಕಿಗೆ ಹೋಯಿತು.

"ನೀವೇ ಕಣಮ್ಮ" ಅಂದು ನಾನೂ ರಸ್ತೆ ನೋಡಿಕೊಂಡೆ.