ಆಡು ತಿಂದ ಕಡೀ ಪಾನ

ನಮ್ಮೂರ ಗ್ರಂಥಾಲಯದ ಗೋಡೆಯ ಮೇಲೆ ‘ಗದ್ದಲ ಮಾಡಬಾರದು’ ಅಂತ ಬರೆದಿದ್ದಾರೆ. ಆದರೆ ಅಲ್ಲಿಗೆ ಬರುವ ಮಂದಿಯನ್ನು ನೋಡಿದರೆ, ಗದ್ದಲವಿಲ್ಲದೆ ನಗುವುದು ಹೇಗೆ ಅಂತ ಹೇಳಿಕೊಡುವ ಬೋರ್ಡು ಮೊದಲು ಬೇಕಿತ್ತು.

ಊರು ಅಂಕಲಿಯ ಹತ್ತಿರವೇ. ಗಣಿತ ನನ್ನನ್ನು ಬಿಡಲೊಲ್ಲದು ಅಂತ ನಾನೇ ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟೆ. ಗ್ರಂಥಾಲಯಕ್ಕೆ ಹೋಗತೊಡಗಿದ್ದು ಫ್ಯಾನಿನ ಆಸೆಗೆ. ಕೈಯಲ್ಲಿ ಪುಸ್ತಕ ಇದ್ದರಷ್ಟೇ ಫ್ಯಾನಿನ ಕೆಳಗೆ ಕೂಡಬೇಕು ಅಂತ ಅಲ್ಲಿ ಪುಸ್ತಕ ನೋಡಿಕೊಳ್ಳುವ ಅಕ್ಕಾರ ಕಾಯ್ದೆ. ಹಿಡಿದ ಪುಸ್ತಕವನ್ನು ಎಷ್ಟು ಹೊತ್ತು ನೋಡದೆ ಇರುವುದು? ಒಂದು ಮಧ್ಯಾಹ್ನ ಅಕ್ಕಾರು, “ಏ, ಕರೆಂಟ್ ಹೋಗಿ ಫ್ಯಾನ್ ನಿಂತೈತಿ, ಇನ್ನೂ ಯಾಕ ಕುಂತಿ?” ಅಂದಾಗ ನನಗೇ ನಾಚಿಕೆಯಾಯಿತು. ಫ್ಯಾನು ನಿಂತದ್ದು ನನಗೆ ಗೊತ್ತೇ ಆಗಿರಲಿಲ್ಲ.

ಅಷ್ಟರಲ್ಲಿ ಪಂಚಾಯ್ತಿಯಿಂದ ಸುದ್ದಿ ಬಂತು. ಓದುವವರು ಯಾರೂ ಇಲ್ಲ, ಆ ಖೋಲಿಯನ್ನು ಹಾಲಿನ ಡೈರಿಗೆ ಕೊಡೋಣ, ಪುಸ್ತಕ ಗಂಟು ಕಟ್ಟಿ ಚಿಕ್ಕೋಡಿಗೆ ಕಳಿಸೋಣ ಅಂತ ಅಧ್ಯಕ್ಷರು ಅಂದರಂತೆ. ಅಕ್ಕಾರ ಮುಖ ಸಣ್ಣದಾಯಿತು. ಮಂದಿ ಬಂದರೆ ಖೋಲಿ ಉಳಿಯುತ್ತದೆ, ಇಲ್ಲದಿದ್ದರೆ ಹಾಲಿನ ಕ್ಯಾನು ಬರುತ್ತವೆ. ಮಂದಿಯನ್ನು ತರುವ ಕೆಲಸ ನಾನು ಹಚ್ಚಿಕೊಂಡೆ. ಬೇರೆ ಒಳ್ಳೆಯ ಹುಡುಗರು ಸಿಗಲಿಲ್ಲವೆಂದು ಅಕ್ಕಾರೂ ಒಪ್ಪಿಕೊಂಡರು.

ಯಾರ ರುಚಿಗೆ?

ಮೊದಲು ಸಿಕ್ಕವರು ನಮ್ಮ ಓಣಿಗೆ ಹೊಸದಾಗಿ ಸೊಸೆಯಾಗಿ ಬಂದ ವೈನಿ. ಅತ್ತೆಗೆ ಅವರ ಅಡಿಗೆ ಸೇರುತ್ತಿರಲಿಲ್ಲ. ನಾನು ಅಡಿಗೆಯ ಪುಸ್ತಕವೊಂದನ್ನು ಆರಿಸಿ ಕೊಟ್ಟು, ಇದರ ಪ್ರಕಾರ ಮಾಡಿದರೆ ಅತ್ತೆ ತುಟಿ ಪಿಟಕ್ಕನ್ನುವುದಿಲ್ಲ ಅಂತ ಹೇಳಿ ಕಳಿಸಿದೆ.

ಪುಸ್ತಕ ತಿರುಗಿ ಕೊಡಲು ಬಂದವರು ಅತ್ತೆ. ಹಿಂದೆ ಸೊಸೆ. ಇಬ್ಬರ ಮುಖವೂ ಉಬ್ಬಿತ್ತು.

“ಇದರಾಗ ಉಪ್ಪು ರುಚಿಗೆ ತಕ್ಕಷ್ಟು ಅಂತ ಬರದೈತಿ,” ಅಂದರು ಅತ್ತೆ. “ಯಾರ ರುಚಿಗೆ ಅಂತ ಬರದಿಲ್ಲ. ಇಕೀ ತನ್ನ ರುಚಿಗೆ ಅಂತಾಳ, ನಾ ನನ್ನ ರುಚಿಗೆ ಅಂತೀನಿ.”

ಅಕ್ಕಾರು ನನ್ನ ಮುಖ ನೋಡಿದರು. ನಾನು ತಲೆ ಎತ್ತಿ ಛತ್ತು ನೋಡಿದೆ.

“ಅದಕ್ಕ ಇದ ಬ್ಯಾಡ,” ಅಂತ ಅತ್ತೆ ಪುಸ್ತಕ ಮುಂದೆ ತಳ್ಳಿದರು. “ಅತ್ತೀ ರುಚಿಗೆ ತಕ್ಕಷ್ಟು ಅಂತ ಬರದದ್ದು ಇದ್ರ ಕೊಡ್ರಿ.”

ಅಂಥ ಪುಸ್ತಕ ಹುಡುಕಲು ಇಬ್ಬರೂ ದಿನಾ ಬರತೊಡಗಿದರು. ಹುಡುಕುತ್ತ ಹುಡುಕುತ್ತ ಸೊಸೆಗೆ ಕಾದಂಬರಿ ಹಿಡಿಸಿತು, ಅತ್ತೆಗೆ ಮನೆಮದ್ದು. ಈಗ ಮನೆಯಲ್ಲಿ ಜಗಳವಿಲ್ಲ ಅಂತ ವೈನಿಯ ಗಂಡ ನನಗೆ ಕೈಮುಗಿದ. ಅಡಿಗೆಯೂ ಇಲ್ಲವಂತೆ.

ಪಾನ ಹೊರಗ

ಮೂಲೆಯ ಕುರ್ಚಿಯಲ್ಲಿ ಒಬ್ಬ ಅಜ್ಜ ಕೂಡುತ್ತಾನೆ. ಮರಾಠಿ ಸಾಲಿ ಕಲಿತವನು. ಕನ್ನಡ ಮಾತು ಬೆಣ್ಣೆಯಂಥದು, ಕನ್ನಡ ಅಕ್ಷರ ಮಾತ್ರ ಒಂದೂ ಬರುವುದಿಲ್ಲ. ಮರಾಠಿ ಪೇಪರು ಮುಗಿಸಿದ ಮೇಲೆ ಕೈಗೆ ಸಿಕ್ಕ ದಪ್ಪ ಕನ್ನಡ ಪುಸ್ತಕವನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಅಡಿಕೆ ಕತ್ತರಿಸಿ, ಎಲೆಗೆ ಸುಣ್ಣ ಹಚ್ಚುವುದು ಅವನ ಕೆಲಸ. ಅವತ್ತು ತೊಡೆಯ ಮೇಲಿದ್ದದ್ದು ಒಂದು ಪತ್ತೇದಾರಿ ಕಾದಂಬರಿ. ಸಾವುಕಾರನೊಬ್ಬನ ಖೂನಿಯಾಗುತ್ತದೆ. ಮಾಡಿದವನು ಅಳಿಯನೋ, ಡಾಕ್ಟರನೋ, ಅಡಿಗೆಯವನೋ ಅನ್ನುವುದು ಕಡೀ ಹಾಳೆಯ ತನಕ ತಿಳಿಯುವುದಿಲ್ಲ.

ಅಕ್ಕಾರು ಸುಣ್ಣದ ಡಬ್ಬಿ ನೋಡಿ, “ಅಜ್ಜಾ, ಪಾನ ಹೊರಗ ತಗೊಂಡ ಹೋಗ್ರಿ,” ಅಂದರು.

ಅಜ್ಜ ಮಾತು ಮೀರುವವನಲ್ಲ. ಪರ್ ಅಂತ ಸಪ್ಪಳಾಯಿತು. ಪುಸ್ತಕದ ಕಡೀ ಹಾಳೆ ಹರಿದು, ಮಡಚಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೊರಟೇಬಿಟ್ಟ. ಮರಾಠಿಯಲ್ಲಿ ಪುಸ್ತಕದ ಹಾಳೆಗೂ ಪಾನ ಅಂತಾರೆ ಅನ್ನುವುದು ಅಕ್ಕಾರಿಗೆ ನೆನಪಾಗುವಷ್ಟರಲ್ಲಿ ಅಜ್ಜ ಓಣಿ ದಾಟಿದ್ದ.

ಮರುದಿನ ಕೇಳಿದರೆ ಅಜ್ಜನೇ ತಿರುಗಿ ಬಿದ್ದ. “ಪುಸ್ತಕ ಒಯ್ಯಾಕ ಆಧಾರ್ ಕಾರ್ಡ್ ಕೇಳತೀರಿ. ನನ್ನ ಕಡೆ ಇಲ್ಲ ಅಂತ ಬರೇ ಪಾನ ಕೊಟ್ರಿ ಅಂತ ತಿಳದೆ.”

ಹಾಳೆ ಎಲ್ಲಿ ಅಂದರೆ, ತಂಬಾಕು ಕಟ್ಟಿ ಕಟ್ಟೆಯ ಮೇಲಿಟ್ಟಿದ್ದನಂತೆ, ಆಡು ತಿಂದಿತಂತೆ. ಹಿಂಗಾಗಿ ಸಾವುಕಾರನನ್ನು ಕೊಂದವರು ಯಾರು ಅಂತ ನಮ್ಮೂರಲ್ಲಿ ಗೊತ್ತಿರುವುದು ಒಂದು ಆಡಿಗೆ ಮಾತ್ರ.

ಅರ್ಧ ಗಡ್ಡ, ಅರ್ಧ ಕಥೆ

ಹಾಳೆ ಹೋದದ್ದಕ್ಕೆ ಅಕ್ಕಾರು ಅತ್ತರು. ನನಗೆ ಮಾತ್ರ ಅದೇ ಪುಸ್ತಕ ನಮ್ಮ ಕೈ ಹಿಡಿಯುವಂತೆ ಕಂಡಿತು. ಕಟಿಂಗ್ ಅಂಗಡಿಗೆ ಹೋಗಿ ಕುಳಿತು ಖೂನಿ ಕಥೆ ಶುರು ಮಾಡಿದೆ. ಕತ್ತರಿ ನಿಂತಿತು. ಟಿವಿ ಬಂದ್ ಆಯಿತು. ಪತ್ತೇದಾರ ಎಲ್ಲರನ್ನೂ ಒಂದು ಖೋಲಿಯಲ್ಲಿ ಕೂಡಿಸಿ, ಖೂನಿ ಮಾಡಿದವರು ಇಲ್ಲೇ ಇದ್ದಾರೆ ಅಂತ ಕೈ ಎತ್ತುತ್ತಾನೆ. ಅಲ್ಲಿಗೆ ನಾನು ಎದ್ದು ಚಪ್ಪಲಿ ಮೆಟ್ಟಿದೆ.

“ಮುಂದ?” ಅಂತ ಕೇಳಿದವರು ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕುಳಿತಿದ್ದ ಪಂಚಾಯ್ತಿ ಅಧ್ಯಕ್ಷರು.

“ಮುಂದಿಂದು ಗ್ರಂಥಾಲಯದಾಗ ಐತ್ರಿ, ಕಾಕಾ.”

ಅಧ್ಯಕ್ಷರು ನೊರೆಯೊಳಗಿಂದಲೇ ಏನೋ ಬೈದರು. ಉಳಿದವರು ಬೈಯದೆ ಗ್ರಂಥಾಲಯಕ್ಕೆ ಬಂದರು. ಪುಸ್ತಕ ಒಂದೇ, ಓದುವವರು ಬಹಳ. ಪಾಳಿ ಬರುವ ತನಕ ಸುಮ್ಮನೆ ಕೂಡಲಾಗದೆ ಬೇರೆ ಪುಸ್ತಕ ಹಿಡಿದರು. ಓದಿ ಮುಗಿಸಿ ಕಡೀ ಹಾಳೆ ಇಲ್ಲದ್ದು ಕಂಡವರು ಹೊರಗಿನ ಬೇವಿನ ಕೆಳಗೆ ನಿಂತು, ಅಳಿಯನೇ ಮಾಡಿದ್ದು, ಅಲ್ಲ ಡಾಕ್ಟರನೇ ಅಂತ ವಾದ ಹಚ್ಚಿ, ಮತ್ತೆ ಮೊದಲಿನಿಂದ ಓದಲು ಒಳಗೆ ಬರುತ್ತಿದ್ದರು.

ಒಬ್ಬ ಡ್ರೈವರ್ ಕಬ್ಬು ತುಂಬಿದ ಟ್ರ್ಯಾಕ್ಟರನ್ನು ಬಾಗಿಲಲ್ಲೇ ನಿಲ್ಲಿಸಿ ಓದುತ್ತ ಕುಳಿತ. ಅವನು ಪುಸ್ತಕ ಮುಚ್ಚಿ ಹೊರಗೆ ಬರುವಷ್ಟರಲ್ಲಿ ಸಾಲಿ ಬಿಟ್ಟಿತ್ತು, ಟ್ರೇಲರಿನ ಒಂದು ಮಗ್ಗಲು ಬೋಳಾಗಿತ್ತು. ಹುಡುಗರ ಗಲ್ಲಕ್ಕೆಲ್ಲ ಕಬ್ಬಿನ ರಸ.

“ಖೂನಿ ಯಾರ ಮಾಡಿದ್ರೋ ಗೊತ್ತಾಗಲಿಲ್ಲ,” ಅಂದ ಡ್ರೈವರ್. “ಕಳವು ಯಾರ ಮಾಡಿದ್ರ ಅನ್ನೂದು ಗೊತ್ತಾತು.”

ಕಥೆಯಲ್ಲಿ ಇಲ್ಲದವನು

ಆದರೂ ಅಧ್ಯಕ್ಷರು ಬಂದೇ ಬಂದರು. ಜೊತೆಗೆ ಅಳತೆಯ ಟೇಪು ಹಿಡಿದ ಡೈರಿಯವನು. ಖೋಲಿಯ ತುಂಬ ಮಂದಿ ಕುಳಿತದ್ದು ನೋಡಿ, ಇವರೆಲ್ಲ ಫ್ಯಾನಿಗೆ ಬಂದವರು ಅಂತ ಅಧ್ಯಕ್ಷರು ತಳ್ಳಿಹಾಕಿದರು. ಅಕ್ಕಾರು ಖೂನಿ ಪುಸ್ತಕವನ್ನು ತಂದು ಅವರ ಮುಂದಿಟ್ಟು, “ಅಳತಿ ಆಗೂ ತನಕಾ ನೋಡ್ತಿರ್ರಿ,” ಅಂದರು.

ಡೈರಿಯವನು ಉದ್ದ ಅಳೆದ, ಅಗಲ ಅಳೆದ, ಬಾಗಿಲು ಅಳೆದ. ಅಧ್ಯಕ್ಷರು ತಲೆ ಎತ್ತಲಿಲ್ಲ. ಅವನು ಚಹಾ ಕುಡಿದು ಬಂದ, ಎಮ್ಮೆ ಹಿಂಡಿ ಬಂದ. ಆಗ ಅಧ್ಯಕ್ಷರು ಎದ್ದು ನಿಂತರು.

“ಕಡೀ ಹಾಳಿ ಎಲ್ಲಿ?”

ಎಲ್ಲರೂ ಮೂಲೆಯ ಅಜ್ಜನನ್ನು ನೋಡಿದೆವು. ಅಜ್ಜ ಎಲೆ ಮಡಚುತ್ತ, “ಕಡೀ ಪಾನ ನನ್ನ ಕೈಯಾಗ ಇತ್ತು,” ಅಂದ. ಅದೇನು ಸುಳ್ಳಲ್ಲ. ಅಜ್ಜನಿಗೆ ಕನ್ನಡ ಅಕ್ಷರ ಬರುವುದಿಲ್ಲ ಅನ್ನುವುದು ಆ ಹೊತ್ತಿಗೆ ಅಧ್ಯಕ್ಷರಿಗೆ ನೆನಪಾಗಲಿಲ್ಲ. ನೆನಪು ಮಾಡಿಕೊಡುವುದು ನನ್ನ ಕೆಲಸವೂ ಅಲ್ಲ.

“ಖೂನಿ ಯಾರ ಮಾಡಿದ್ರು? ಹೇಳ ಅಜ್ಜಾ.”

ಅಜ್ಜ ನಿಧಾನಕ್ಕೆ ಖೋಲಿಯ ತುಂಬ ಕಣ್ಣಾಡಿಸಿದ. ಟೇಪಿನ ಹತ್ತಿರ ಬಂದು ಕಣ್ಣು ನಿಂತಿತು.

“ಹಾಲಿನಾಂವ.”

ಡೈರಿಯವನ ಕೈಯಿಂದ ಟೇಪು ಜಾರಿ ಸರ್ರನೆ ಸುತ್ತಿಕೊಂಡಿತು. ಅಧ್ಯಕ್ಷರು ಹಣೆ ಗಂಟು ಹಾಕಿದರು. “ಇಡೀ ಕಥ್ಯಾಗ ಹಾಲಿನಾಂವ ಎಲ್ಲೂ ಬಂದೇ ಇಲ್ಲಲ್ಲೋ.”

“ಅದಕ್ಕ ಯಾರಿಗೂ ಅವನ ಮ್ಯಾಲ ಸಂಶೇ ಬರಲಿಲ್ಲ,” ಅಂದ ಅಜ್ಜ.

ಅಧ್ಯಕ್ಷರು ಮತ್ತೆ ಕುಳಿತರು. ಮೊದಲನೆಯ ಹಾಳೆ ತೆಗೆದರು. ಹಾಲಿನವನು ಎಲ್ಲಿ ಅಡಗಿದ್ದಾನೆ ಅಂತ ನೋಡುವ ತನಕ ಈ ಖೋಲಿಗೆ ಯಾರೂ ಕೈ ಹಚ್ಚಬಾರದು ಅಂತ ಹೇಳಿಬಿಟ್ಟರು. ಡೈರಿ ಹಳೆಯ ಚಾವಡಿಗೆ ಹೋಯಿತು. ಅಕ್ಕಾರು ಅಧ್ಯಕ್ಷರ ಕುರ್ಚಿಯ ಮೇಲ್ಗಡೆ ಇನ್ನೊಂದು ಫ್ಯಾನು ಹಾಕಿಸಿಕೊಂಡರು.

ಅಧ್ಯಕ್ಷರು ಇನ್ನೂ ಓದುತ್ತಿದ್ದಾರೆ. ಡೈರಿಯವನು ದಿನಾ ಮುಂಜಾನೆ ಸೈಕಲ್ಲಿಗೆ ಕ್ಯಾನು ತೂಗುಹಾಕಿಕೊಂಡು ಬಂದು, ಕಿಡಕಿಯಲ್ಲಿ ಹಣಕಿ ಕೇಳುತ್ತಾನೆ:

“ಅಧ್ಯಕ್ಷರ, ನಾ ಸಿಕ್ಕೆನೇನ್ರಿ?”