ಮುದುಕರಾಗೋಕೆ ಒಳ್ಳೇ ವಯಸ್ಸು ಯಾವುದು

ನನ್ನನ್ನ ಕೇಳಿದ್ರೆ ನಾನೇನ್ ಹೇಳ್ಲಿ ಸ್ವಾಮಿ. ಪಿಂಚಣಿ ಈಗ್ಲೇ ಶುರು ಮಾಡ್ಕೊಳ್ಳೋದಾ, ಇನ್ನೊಂದಷ್ಟು ವರ್ಷ ಕಾಯೋದಾ ಅಂತ ದಿನಾ ನಾಲ್ಕು ಜನ ಬಂದು ಕೇಳ್ತಾರೆ. ನಾನು ಮುಳಬಾಗಿಲಲ್ಲಿ ತಾಲ್ಲೂಕು ಆಫೀಸಿನ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಕೊಂಡಿರೋನು. ಆನ್‌ಲೈನ್ ಅರ್ಜಿನೂ ಹಾಕಿಕೊಡ್ತೀನಿ. ಬೋರ್ಡಿನ ಮೇಲೆ ‘ಎಲ್ಲಾ ತರಹದ ಅರ್ಜಿಗಳು’ ಅಂತ ಬರೆಸಿದ್ದೇ ತಪ್ಪಾಯ್ತು. ಜನ ಅದನ್ನ ಎಲ್ಲಾ ತರಹದ ಬುದ್ಧಿಮಾತು ಅಂತ ತಿಳ್ಕೊಂಡಿದ್ದಾರೆ.

ನನ್ನ ಪಿಂಚಣಿದೇ ತೀರ್ಮಾನ ಆಗಿಲ್ಲ. ಅಂಗಡಿ ಇಡೋಕ್ ಮುಂಚೆ ಮಾಲೂರಲ್ಲಿ ಒಂದು ಕಾರ್ಖಾನೇಲಿ ಹನ್ನೆರಡು ವರ್ಷ ಇದ್ದೆ. ಪಿ.ಎಫ್. ಕಡೆಯಿಂದ ಪಿಂಚಣಿ ಬರುತ್ತೆ. ಐವತ್ತು ದಾಟಿದ್ರೆ ಯಾವಾಗ ಬೇಕಾದ್ರೂ ತಗೋಬಹುದು, ಆದ್ರೆ ಕಡಿಮೆ ಕೊಡ್ತಾರೆ, ಸಾಯೋವರೆಗೂ ಕಡಿಮೆನೇ. ಐವತ್ತೆಂಟರವರೆಗೂ ಕಾದ್ರೆ ಪೂರ್ತಿ. ನನಗೆ ಐವತ್ನಾಲ್ಕು. ಈಗ್ಲೇ ತಗೊಳ್ಳೋಣ ಅಂತ ನಾನು, ಕಾಯ್ರಿ ಅಂತ ನನ್ನ ಹೆಂಡತಿ. ಒಂದು ವರ್ಷದಿಂದ ನಮ್ಮನೇಲಿ ಮುದ್ದೆಗಿಂತ ಮುಂಚೆ ತಟ್ಟೆಗೆ ಈ ವಿಷಯ ಬೀಳುತ್ತೆ. ಆ ವರ್ಷದಲ್ಲಿ ಅಂಗಡೀಲಿ ಏನೇನಾಯ್ತು ಅಂತ ಹೇಳ್ತೀನಿ, ಉಪಯೋಗ ಆದ್ರೆ ಮಾಡ್ಕೊಳ್ಳಿ.

ಅಣ್ಣ ಇರುವಾಗ

ಶ್ರೀನಿವಾಸಪುರ ರಸ್ತೆ ಕಡೆಯಿಂದ ಅಣ್ಣ ತಮ್ಮ ಇಬ್ಬರು ಬಂದ್ರು. ಮಾವಿನ ತೋಟದವರು. ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕ್ಬೇಕು ಅಂದ್ರು. ಅದಕ್ಕೆ ಅರವತ್ತು ಆಗಿರಬೇಕು. ಆಧಾರ್ ನೋಡಿದ್ರೆ ತಮ್ಮನಿಗೆ ಅರವತ್ತಾಗಿದೆ, ಅಣ್ಣನಿಗೆ ಐವತ್ತೇಳು.

ಹೆಂಗೆ ಅಂತ ಕೇಳ್ದೆ. ಆಧಾರ್ ಮಾಡೋರು ಊರಿಗೆ ಬಂದ ದಿನ ಇಬ್ಬರ ಹತ್ರನೂ ಹುಟ್ಟಿದ ದಾಖಲೆ ಇರಲಿಲ್ಲವಂತೆ. ಮುಖ ನೋಡಿ ಅಂದಾಜಲ್ಲಿ ಬರ್ಕೊಂಡ್ರಂತೆ. ಅಣ್ಣ ಅವತ್ತು ಬೀಗರ ಮನೆ ಮದುವೆಗೆ ಹೊರಟಿದ್ದವರು ತಲೆಗೆ ಬಣ್ಣ ಹಾಕಿದ್ರು. ತಮ್ಮ ತೋಟದಿಂದ ಹಂಗೇ ಎದ್ದು ಬಂದಿದ್ದ.

ತಮ್ಮಂದು ಈಗ ಹಾಕೋಣ, ಅಣ್ಣಂದು ಮೂರು ವರ್ಷ ಆದ್ಮೇಲೆ ನೋಡೋಣ ಅಂದೆ. ಅಣ್ಣ ಟವಲ್ ಕೊಡವಿ ಹೆಗಲಿಗೆ ಹಾಕ್ಕೊಂಡು ಎದ್ದುಬಿಟ್ರು. ಮದುವೆ ನನಗೆ ಮೊದಲು ಆಯ್ತು, ಮನೆ ಪೂಜೆಗೆ ನಾನು ಮೊದಲು ಕೂರ್ತೀನಿ, ಊರಲ್ಲಿ ಮೊದಲ ತಾಂಬೂಲ ನನಗೆ ಬರುತ್ತೆ, ಇದೊಂದು ಇವನಿಗೆ ಮೊದಲಾ ಅಂತ ಅವರ ವಾದ.

“ನಾನಿನ್ನೂ ಇರುವಾಗ ಇವನು ಹೆಂಗೆ ಮುದುಕ ಆಗ್ತಾನೆ, ನೀವೇ ಹೇಳಿ.”

ತಮ್ಮ ಅರ್ಜಿ ವಾಪಸ್ ತಗೊಂಡ. ಮೂರು ವರ್ಷ ಕಾಯ್ತಾನಂತೆ. ಹೋಗುವಾಗ ಮೆಲ್ಲಗೆ ಬಂದು, ಅಲ್ಲೀತನಕ ಅಣ್ಣ ತಲೆಗೆ ಬಣ್ಣ ಹಾಕದ ಹಾಗೆ ಏನಾದ್ರೂ ಅರ್ಜಿ ಇದೆಯಾ ಅಂತ ಕೇಳ್ದ.

ಇದನ್ನ ಮನೇಲಿ ಹೇಳ್ದೆ. ನೋಡಿ, ಅವರೇ ಕಾಯ್ತಾರೆ, ನಿಮಗೇನು ಅಂದ್ಲು ನನ್ನ ಹೆಂಡತಿ.

ನಂಗಲಿ ಅಕ್ಕ

ನಂಗಲಿ ಹತ್ರ ಹೈವೇ ಪಕ್ಕ ಒಬ್ಬಾಕೆ ಇಡ್ಲಿ ಹೋಟ್ಲು ನಡೆಸ್ತಾರೆ. ಅರವತ್ತೆರಡು ವಯಸ್ಸು. ಎರಡು ವರ್ಷದ ಹಿಂದೆನೇ ಪಿಂಚಣಿ ತಗೋಬಹುದಿತ್ತು, ತಗೊಂಡಿರಲಿಲ್ಲ. ಯಾಕಮ್ಮ ಅಂದ್ರೆ, ಲಾರಿ ಡ್ರೈವರುಗಳೆಲ್ಲ ತನ್ನನ್ನ ಅಕ್ಕ ಅಂತಾರೆ, ಪಿಂಚಣಿ ಬಂತು ಅಂತ ಗೊತ್ತಾದ್ರೆ ಮಾರನೇ ದಿನವೇ ಅವ್ವ ಅಂತಾರೆ, ಅವ್ವನ ಹತ್ರ ಸಾಲ ಹೇಳಿ ತಿನ್ನೋದು ಸುಲಭ ಅಂದ್ರು. ಕೊನೆಗೆ ಮಗಳ ಕಾಟಕ್ಕೆ ಒಪ್ಕೊಂಡ್ರು. ಯಾರಿಗೂ ಗೊತ್ತಾಗದ ಹಾಗೆ ಹಾಕ್ಬೇಕು ಅಂತ ಷರತ್ತು.

ಹಾಕ್ದೆ. ಆದ್ರೆ ಅರ್ಜಿ ಹಾಕಿದ್ಮೇಲೆ ತಾಲ್ಲೂಕು ಆಫೀಸಿಂದ ಒಬ್ಬರು ಸ್ಥಳಕ್ಕೆ ಬಂದು, ಮನುಷ್ಯರನ್ನ ನೋಡಿ ವರದಿ ಬರೀತಾರೆ. ಅವರು ಬಂದಾಗ ಹೋಟ್ಲು ತುಂಬಾ ಲಾರಿಯವರು. ಬಾಗಿಲಲ್ಲೇ ನಿಂತು, ಇಲ್ಲಿ ಪಿಂಚಣಿ ಕೇಳಿರೋ ಮುದುಕಿ ಯಾರು ಅಂತ ಗಟ್ಟಿಯಾಗಿ ಕೇಳಿದ್ರಂತೆ. ಯಾರೂ ಮಾತಾಡ್ಲಿಲ್ಲ. ಈಯಮ್ಮನೂ ಮಾತಾಡ್ಲಿಲ್ಲ. ಆ ಹೊತ್ತಿಗೆ ಒಬ್ಬ ತೆಲುಗು ಡ್ರೈವರ್ “ಅಕ್ಕಾ, ರೆಂಡು ಇಡ್ಲಿ” ಅಂದ. ಈಯಮ್ಮ ಅವನಿಗೂ ಹಾಕಿ, ಬಂದವರಿಗೂ ಒಂದು ಪ್ಲೇಟ್ ಹಾಕಿದ್ರು. ಅವರು ತಿಂದು, ಚಟ್ನಿ ಚೆನ್ನಾಗಿದೆ ಅಂತ ಹೇಳಿ ಹೋದ್ರು.

ಅರ್ಜಿ ತಿರಸ್ಕಾರ ಆಯ್ತು. ಕಾರಣ: ‘ಸ್ಥಳದಲ್ಲಿ ವೃದ್ಧರು ಯಾರೂ ಕಂಡುಬಂದಿಲ್ಲ.’

ನಾನು ಬೇಜಾರಲ್ಲಿ ಓದಿ ಹೇಳ್ದೆ, ಮತ್ತೆ ಹಾಕೋಣ ಅಂದೆ. ಈಯಮ್ಮ ಇನ್ನೊಂದ್ಸಲ ಓದಿಸ್ಕೊಂಡ್ರು. ಸರ್ಕಾರದ ಸೀಲ್ ಇದೆಯಾ ಅಂತ ಕೇಳಿದ್ರು. ಇದೆ ಅಂದೆ. ಲ್ಯಾಮಿನೇಷನ್ ಮಾಡಿಸ್ಕೊಂಡು ಹೋದ್ರು.

ಅಮ್ಮನ ಕಡೆ ಮೂಗು

ಮೂರನೇದು ಮುಳಬಾಗಿಲಿನ ಒಬ್ಬ ಭಾಯ್. ಲೇತ್ ಕೆಲಸದವರು, ಐವತ್ತೆಂಟು ತುಂಬಿತ್ತು. ನನ್ನ ಹಾಗೇ ಪಿ.ಎಫ್. ಪಿಂಚಣಿ. ಈಗ ತಗೊಂಡ್ರೆ ಪೂರ್ತಿ, ಅರವತ್ತರವರೆಗೆ ತಡೆದ್ರೆ ಒಂಚೂರು ಜಾಸ್ತಿ. ತಡೀತೀನಿ ಅಂತ ಅವರ ಹಠ. ನಮ್ಮ ವಂಶದಲ್ಲಿ ಎಲ್ಲರಿಗೂ ಆಯಸ್ಸು ಗಟ್ಟಿ, ಬೇಕಾದ್ರೆ ನಮ್ಮ ಅಬ್ಬಾನ ಕರ್ಕೊಂಡ್ ಬರ್ತೀನಿ ನೋಡಿ ಅಂದ್ರು. ಬೇಡ ಅಂದ್ರೂ ಕರ್ಕೊಂಡೇ ಬಂದ್ರು.

ನನ್ನ ಅಂಗಡಿಗೆ ಒಂಬತ್ತು ಮೆಟ್ಟಿಲು. ತೊಂಬತ್ತರ ಹತ್ತಿರದ ಅಬ್ಬಾ ಸರಸರ ಹತ್ತಿ ಬಂದು ಕೂತ್ರು. ಸ್ವಲ್ಪ ಹೊತ್ತಾದ್ಮೇಲೆ ಮಗ ಏದುಸಿರು ಬಿಡ್ತಾ ಬಂದ್ರು.

ನಾನು ವಿಷಯ ಹೇಳ್ದೆ. ಅಬ್ಬಾ ಕನ್ನಡಕ ಹಾಕ್ಕೊಂಡು ಮಗನನ್ನ ಸಂತೇಲಿ ಹೋರಿ ನೋಡೋ ಹಾಗೆ ಮೇಲಿಂದ ಕೆಳಗೆ ನೋಡಿದ್ರು.

“ಇವನ ಮೂಗು ನೋಡು ಬೇಟಾ. ಪೂರಾ ಅವರಮ್ಮನ ಕಡೇದು. ಅವರೆಲ್ಲ ಅರವತ್ತಕ್ಕೇ ಖಲಾಸ್. ನೀನು ಇವತ್ತೇ ಬರ್ದುಬಿಡು.”

ಭಾಯ್ ಆಧಾರ್ ಕಾರ್ಡ್ ತೆಗೆದು ಟೇಬಲ್ ಮೇಲಿಟ್ರು. ಅರ್ಜಿ ಹೋಗೋವರೆಗೂ ಮೂಗು ಮುಟ್ಟಿ ಮುಟ್ಟಿ ನೋಡ್ಕೊಳ್ತಿದ್ರು.

ನಂದು

ಅವರು ಹೋದ್ಮೇಲೆ ನಾನೂ ಕನ್ನಡಿ ನೋಡ್ಕೊಂಡೆ. ನನ್ನ ಮೂಗೂ ಅಮ್ಮನ ಕಡೇದೇ. ಸಂಜೆ ಬಾಗಿಲು ಅರ್ಧ ಎಳ್ಕೊಂಡು, ಹೆಂಡತಿಗೆ ಹೇಳದೆ ನನ್ನ ಅರ್ಜಿ ಹಾಕೋಕೆ ಕೂತೆ. ಹದಿನೈದು ವರ್ಷದಿಂದ ಊರವರ ಹುಟ್ಟಿದ ದಿನ ಸರಿ ಮಾಡಿಕೊಟ್ಟಿದ್ದೀನಿ. ನನ್ನ ದಾಖಲೆ ಮಾತ್ರ ಅವತ್ತೇ ಮೊದಲ ಸಲ ತೆಗೆದು ನೋಡಿದ್ದು.

ಕಂಪ್ಯೂಟರ್ ಅರ್ಜಿ ತಗೊಳ್ಳಲಿಲ್ಲ. ನನಗೆ ವಯಸ್ಸು ಸಾಲದಂತೆ. ನೋಡಿದ್ರೆ ಕಾರ್ಖಾನೆ ಗುಮಾಸ್ತ ನಾನು ಕೆಲಸಕ್ಕೆ ಸೇರಿದ ತಾರೀಕನ್ನೇ ಹುಟ್ಟಿದ ತಾರೀಕು ಅಂತಲೂ ಬರೆದಿದ್ದ. ಅದರ ಪ್ರಕಾರ ನನಗೀಗ ಇಪ್ಪತ್ತೇಳು. ಹುಟ್ಟಿದ ದಿನವೇ ಕೆಲಸಕ್ಕೆ ಸೇರಿದ್ದೀನಿ, ಹನ್ನೆರಡನೇ ವಯಸ್ಸಿಗೆ ಕೆಲಸ ಬಿಟ್ಟಿದ್ದೀನಿ. ಪಿಂಚಣಿ ಬೇಕು ಅಂದ್ರೆ ಇನ್ನೂ ಇಪ್ಪತ್ಮೂರು ವರ್ಷ.

ಸರಿ ಮಾಡಿಸೋಕೆ ಕಾರ್ಖಾನೆ ಮಾಲೀಕರ ಸಹಿ ಬೇಕು. ಮಾರನೇ ದಿನ ಮಾಲೂರಿಗೆ ಹೋದೆ. ಕಾರ್ಖಾನೆ ಇದ್ದ ಜಾಗದಲ್ಲಿ ಕಲ್ಯಾಣ ಮಂಟಪ ಕಟ್ಟಿದ್ದಾರೆ. ಬಾಗಿಲಲ್ಲಿದ್ದವರು ಪನ್ನೀರು ಚಿಮುಕಿಸಿ, ಗಂಡಿನ ಕಡೆಯವರಾ ಅಂದ್ರು. ಹೂಂ ಅಂದೆ. ಊಟ ಚೆನ್ನಾಗಿತ್ತು. ಸಹಿ ಸಿಗಲಿಲ್ಲ. ಮುಚ್ಚಿಹೋದ ಕಾರ್ಖಾನೆಗಳಿಗೆ ಬೇರೆ ದಾರಿ ಇದೆಯಂತೆ. ಅದೂ ಬೇಗ ಆಗೋದಲ್ಲವಂತೆ.

ಮನೆಗೆ ಬಂದು ಎಲ್ಲಾ ಒಪ್ಪಿಸಿಬಿಟ್ಟೆ. ಹೇಳದೆ ಅರ್ಜಿ ಹಾಕೋಕೆ ಹೋದದ್ದಕ್ಕೆ ಬೈತಾಳೆ ಅಂತ ಕಾದಿದ್ದೆ. ಹೆಂಡತಿ ಅವರೆಕಾಯಿ ಬಿಡಿಸ್ತಾ ಬೆರಳಲ್ಲಿ ಏನೋ ಲೆಕ್ಕ ಹಾಕಿದ್ಲು.

“ಅಂದ್ರೆ ನಮ್ಮ ಮದುವೆ ದಿನ ನಿಮಗೆ ಎರಡು ವರ್ಷ. ಅವತ್ತೇ ನಮ್ಮಪ್ಪನಿಗೆ ಹೇಳಿದ್ದೆ, ಹುಡುಗ ಇನ್ನೂ ಬೆಳೀಬೇಕು, ಸ್ವಲ್ಪ ಕಾಯೋಣ ಅಂತ. ನನ್ನ ಮಾತು ಯಾರು ಕೇಳ್ತಾರೆ.”