ಎಕ್ಸಿಮಿಯಸ್ ಸಾಹೇಬರು

ತಾಲೂಕು ಕಚೇರಿ ಎದುರು ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದುಕೊಡುವವನಿಗೆ ದಿನಕ್ಕೊಂದಾದರೂ ಫಜೀತಿಯ ಪ್ರಸಂಗ ಗಂಟು ಬೀಳುತ್ತದೆ. ತೊಂಬತ್ತರ ದಶಕದಲ್ಲಿ ಶಿಕಾರಿಪುರದಲ್ಲಿ ನನಗೆ ಅವೆಲ್ಲ ಗಂಟು ಬಿದ್ದದ್ದು ಒಂದೇ ಒಂದು ಇಂಗ್ಲಿಷ್ ಪದದಿಂದ.

ಬಸ್ಸು ತಂದ ಪದ

ಟೈಪಿಂಗ್ ಕಲಿಸಿದ ಮೇಷ್ಟ್ರು ತಮ್ಮ ಹಳೇ ಡಿಕ್ಷನರಿಯನ್ನು ನನಗೆ ಕೊಟ್ಟಿದ್ದರು. ಅದರಲ್ಲಿ ಸಿಕ್ಕ ವಿಶೇಷಣ ‘ಎಕ್ಸಿಮಿಯಸ್’. ಲ್ಯಾಟಿನ್ನಿಂದ ಬಂದದ್ದು. ಗುಂಪಿನಿಂದ ಆರಿಸಿ ತೆಗೆದದ್ದು ಎಂಬುದು ಮೂಲಾರ್ಥ, ಅದರಿಂದ ಶ್ರೇಷ್ಠ ಎಂದಾಯಿತು. ಮುನ್ನೂರು ನಾನೂರು ವರ್ಷದ ಹಿಂದೆ ಇಂಗ್ಲೆಂಡಿನ ಪಂಡಿತರು ಬಳಸುತ್ತಿದ್ದರು. ಆಮೇಲೆ ಇಂಗ್ಲಿಷರೇ ಕೈಬಿಟ್ಟರು. ನನಗೆ ಮಾತ್ರ ಅದರ ಗತ್ತು ಹಿಡಿಸಿತು.

ಬಂದಳಿಕೆ ಕಡೆಯವರು ತಮ್ಮೂರಿಗೆ ಬಸ್ಸು ಬೇಕೆಂದು ಅರ್ಜಿ ಬರೆಸಿದಾಗ ‘ಎಕ್ಸಿಮಿಯಸ್ ಸರ್’ ಎಂದೇ ಶುರು ಮಾಡಿದೆ. ಬಸ್ಸು ಬಂತು! ಅದು ಮೊದಲೇ ಮಂಜೂರಾಗಿತ್ತು ಅಂದರೆ ಕೇಳುವವರು ಯಾರು? ಮನೆಗೆ ಬಾಳೆಗೊನೆ ತಂದಿಟ್ಟರು. ಬೇಡ ಅನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಹಿರಿಯರ ಎಡೆ

ಸೊರಬದ ಅಡಿಕೆ ವ್ಯಾಪಾರಿಯೊಬ್ಬರು ಟೆಲಿಫೋನ್ ಅರ್ಜಿಗಾಗಿ ಇಲ್ಲೀವರೆಗೆ ಬಂದರು.

“ಬಸ್ಸು ತಂತಲ್ರೀ, ಆ ಪದ ಹಾಕಿ.”

“ಅದು ಸತ್ತ ಪದ ರೀ. ಇಂಗ್ಲೆಂಡಲ್ಲೇ ಯಾರೂ ಬಳಸಲ್ಲ.”

“ಸತ್ರೇನಾಯ್ತು? ನಾವು ಹಿರಿಯರಿಗೆ ಎಡೆ ಇಡಲ್ವ? ಹಾಕಿ, ಹಾಕಿ.”

ಆರಿಸುವ ಬಗೆ

ಕುರಿ ಸಾಕುವ ಅಜ್ಜನೊಬ್ಬ ಬಂದ. ಕುರಿಗಳು ಅಂಬ್ಲಿಗೊಳ ಜಲಾಶಯದ ನೀರಿಗೆ ಇಳಿಯುವ ದಾರಿಗೆ ಪಕ್ಕದ ಹೊಲದವನು ಬೇಲಿ ಹಾಕಿಬಿಟ್ಟಿದ್ದ. ಬೇಸಿಗೆ ಬೇರೆ. ಅರ್ಜಿಯಲ್ಲಿ ಅದೇ ಪದ ಹಾಕಿಕೊಟ್ಟೆ.

ಹೊಸದಾಗಿ ಬಂದ ತಹಶೀಲ್ದಾರ್ ಸಾಹೇಬರು ಇಂಗ್ಲಿಷ್ ಎಂ.ಎ. ಅಜ್ಜನಿಗೂ ನನಗೂ ಬುಲಾವ್ ಬಂತು. ಸಾಹೇಬರು ಮುನಿದರೆ ಅಜ್ಜನ ಕುರಿಗಳಿಗೆ ನೀರಿಲ್ಲ, ಕಚೇರಿ ಎದುರು ನನ್ನ ಮೇಜೂ ಇಲ್ಲ.

“ಏನ್ರೀ ಇದರ ಅರ್ಥ?”

“ಗುಂಪಿನೊಳಗಿಂದ ಆರಿಸಿ ತೆಗೆದಂಥವರು ಅಂತ ಸಾರ್.”

“ನಾನು ಬಂದು ಎಂಟು ದಿನ ಆಯ್ತು. ಅಷ್ಟರಲ್ಲಿ ನನ್ನನ್ನ ಆರಿಸಿದೋರು ಯಾರು?” ಸಾಹೇಬರು ಗುಡುಗಿದರು.

ಅಜ್ಜ ಕಂಬಳಿ ಸರಿಮಾಡಿಕೊಂಡು ಮೇಜಿನ ಹತ್ತಿರ ಹೋದ.

“ಎಂಟು ದಿನ ಯಾಕ್ರೀ ಸಾಹೇಬ್ರೇ? ಹಿಂಡಿನಾಗೆ ಒಳ್ಳೇ ಟಗರು ಆರಿಸಾಕೆ ನಂಗೆ ಒಂದು ಗಳಿಗೆ ಸಾಕು. ಹಲ್ಲು ನೋಡಿದ್ರೆ ಮುಗೀತು. ಎಲ್ಲಿ, ಒಂಚೂರು ಬಾಯಿ ತೆಗೀರಿ.”

ಬೈಯಲು ತೆರೆದಿದ್ದ ಬಾಯನ್ನು ಸಾಹೇಬರು ಗಪ್ಪನೆ ಮುಚ್ಚಿದರು. ಬೇಲಿ ತೆಗೆಸಿ ಎಂಬ ಆರ್ಡರನ್ನೂ ಹಾಗೇ, ತುಟಿ ಬಿಗಿಹಿಡಿದುಕೊಂಡೇ ಬರೆದುಕೊಟ್ಟರು.